ಗಡಿ ಮುಚ್ಚಿದ ದಿನಗಳು: ಪೆರ್ಲದ ಕಡೆಯಿಂದ ಒಂದು ಉತ್ತರ

2020ರಲ್ಲಿ ಕೊರೊನಾಕ್ಕೆ ಕೇರಳ-ಕರ್ನಾಟಕ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮಗೆ ಆದ ಕಷ್ಟದ ಬಗ್ಗೆ ನೀವು ಕೇಳಿದ್ದು ಇಷ್ಟೇ: "ಅಷ್ಟು ಕಷ್ಟ ಆಗಿದ್ದರೆ ಕಾಸರಗೋಡಿನಲ್ಲೇ ಆಸ್ಪತ್ರೆಗೆ ಹೋಗಬಹುದಿತ್ತು ಅಲ್ವಾ? ಮಂಗಳೂರೇ ಯಾಕೆ ಬೇಕಿತ್ತು?" ದೂರದಲ್ಲಿ ಕೂತವರಿಗೆ ಹಾಗೆ ಅನ್ನಿಸುವುದು ಸಹಜ. ಮ್ಯಾಪಿನಲ್ಲಿ ಒಂದು ಗೆರೆ ಕಾಣುತ್ತದೆ. ಗೆರೆಯ ಈಚೆ ಇರುವವರು ಈಚೆಗೇ ಹೋಗಬೇಕು ಎಂದು ತೋರುತ್ತದೆ. ಆದರೆ ನಮ್ಮ ಬದುಕು ಆ ಗೆರೆಯನ್ನು ನೋಡಿ ಕಟ್ಟಿದ್ದಲ್ಲ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಚೆರ್ಕಳದಿಂದ ಬದಿಯಡ್ಕ, ಪೆರ್ಲ, ವಿಟ್ಲ ದಾಟಿ ಕಲ್ಲಡ್ಕಕ್ಕೆ ಹೋಗುವ ರಸ್ತೆ ಉಂಟಲ್ಲ, ಅದೇ ನಮ್ಮ ಮುಖ್ಯ ದಾರಿ. ಅಡ್ಕಸ್ಥಳ, ಸಾರಡ್ಕ ದಾಟಿದರೆ ಕರ್ನಾಟಕ. 1956ರ ನವೆಂಬರ್ 1ರಂದು ರಾಜ್ಯಗಳು ಬೇರೆಯಾದವು, 1984ರಲ್ಲಿ ಕಾಸರಗೋಡು ಜಿಲ್ಲೆಯೂ ಆಯಿತು. ಆದರೂ ಮದುವೆ ಸಂಬಂಧ, ಅಡಿಕೆ ವ್ಯಾಪಾರ, ಕಾಲೇಜು, ಡಾಕ್ಟರು ಎಲ್ಲ ಮೊದಲಿನ ಹಾಗೆಯೇ ಉಳಿದವು. ನಾವು ಅಡಿಕೆ ಕೊಡುವ ಕ್ಯಾಂಪ್ಕೋ ಕೂಡ ಕರ್ನಾಟಕ ಮತ್ತು ಕೇರಳ ಸೇರಿ 1973ರಲ್ಲಿ ಮಾಡಿದ ಸಂಸ್ಥೆ. ನನ್ನ ತಂಗಿಯನ್ನು ಕೊಟ್ಟದ್ದು ವಿಟ್ಲದ ಹತ್ತಿರ. ಬೈಕಿನಲ್ಲಿ ಅರ್ಧ ಗಂಟೆ. ಸಂಜೆ ಚಹಾಕ್ಕೆ ಹೋಗಿ ಕತ್ತಲಾಗುವ ಮೊದಲು ವಾಪಸ್ ಬರುತ್ತಿದ್ದೆವು. ಅದನ್ನು ಇನ್ನೊಂದು ರಾಜ್ಯಕ್ಕೆ ಹೋಗಿ ಬಂದದ್ದು ಎಂದು ನಾವು ಯಾವತ್ತೂ ಎಣಿಸಿದ್ದಿಲ್ಲ.

2020ರ ಮಾರ್ಚ್ ಕೊನೆಯಲ್ಲಿ ಎಣಿಸಬೇಕಾಯಿತು. 22ಕ್ಕೆ ಜನತಾ ಕರ್ಫ್ಯೂ, 25ರಿಂದ ದೇಶಕ್ಕೇ 21 ದಿನದ ಲಾಕ್‌ಡೌನ್. ಆಗ ಕೇರಳದಲ್ಲಿ ಕೊರೊನಾ ಜಾಸ್ತಿ ಇದ್ದದ್ದು ನಮ್ಮ ಜಿಲ್ಲೆಯಲ್ಲೇ. ಗಲ್ಫಿನಿಂದ ಬಂದವರು ಇಲ್ಲಿ ತುಂಬ ಜನ. ಹಾಗಾಗಿ ಆಚೆಯವರಿಗೆ ಭಯ ಇತ್ತು. ಆ ಭಯ ಸುಳ್ಳು ಎಂದು ನಾನು ಹೇಳುವುದಿಲ್ಲ. ಮಂಗಳೂರಿಗೆ ಹೋಗುವ ದಾರಿಯ ಗಡಿ ತಲಪಾಡಿಯಲ್ಲಿ ಕರ್ನಾಟಕದವರು ಹೆದ್ದಾರಿ ಮುಚ್ಚಿದರು. ಒಳದಾರಿಗಳಿಗೆ ಮಣ್ಣು ತಂದು ಸುರಿದರು. ನಾವು ತಂಗಿಯ ಮನೆಗೆ ಹೋಗುತ್ತಿದ್ದ ಒಳದಾರಿಯಲ್ಲೂ ಎದೆಯೆತ್ತರಕ್ಕೆ ಕೆಂಪು ಮಣ್ಣು ಬಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಪೆರ್ಲ, ಇಲ್ಲಿಯವರಿಗೆಲ್ಲ ದೊಡ್ಡ ಕಾಯಿಲೆ ಎಂದರೆ ಮಂಗಳೂರು. ಡಯಾಲಿಸಿಸ್, ಹೃದಯ, ಕ್ಯಾನ್ಸರ್, ಕಷ್ಟದ ಹೆರಿಗೆ, ಎಲ್ಲದಕ್ಕೂ ಅಲ್ಲಿಗೇ ಓಡುವುದು. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಅಡಿಗಲ್ಲು ಹಾಕಿದ್ದರು. ಅದು ನಮ್ಮ ಮನೆಗೆ ಹತ್ತಿರವೇ. ಆರು ವರ್ಷ ದಾಟಿದರೂ ಅಲ್ಲಿ ರೋಗಿಗಳನ್ನು ನೋಡಲು ಶುರು ಮಾಡಿರಲಿಲ್ಲ. ಕೊನೆಗೆ 2020ರ ಏಪ್ರಿಲ್‌ನಲ್ಲಿ ತಿರುವನಂತಪುರದಿಂದ ಡಾಕ್ಟರುಗಳ ತಂಡ ಬಂದು ಅದರ ಕಟ್ಟಡದಲ್ಲಿ ಕೊರೊನಾ ಆಸ್ಪತ್ರೆ ಮಾಡಿದರು. ಅಷ್ಟು ದೂರದಿಂದ ಬಂದ ಅವರನ್ನು ನಾವು ಮರೆಯುವುದಿಲ್ಲ. ಆದರೆ ಅದು ಕೊರೊನಾಕ್ಕೆ ಮಾತ್ರ. ಎದೆನೋವು ಬಂದವರು ಎಲ್ಲಿಗೆ ಹೋಗಬೇಕು? ನಮ್ಮ ಎಣ್ಮಕಜೆ ಪಂಚಾಯತಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ನರಳುವ ಮಕ್ಕಳ ಮನೆಗಳು ಎಷ್ಟೋ ಉಂಟು. ಮಂಗಳೂರಿನಿಂದ ಮದ್ದು ತರಿಸುತ್ತಿದ್ದ ಆ ತಾಯಂದಿರು ಆ ತಿಂಗಳನ್ನು ಹೇಗೆ ಕಳೆದರೋ, ನೆನೆಸಿದರೆ ಈಗಲೂ ಸಂಕಟ ಆಗುತ್ತದೆ. ಆಂಬ್ಯುಲೆನ್ಸ್ ಗಡಿಯಿಂದ ತಿರುಗಿತು, ರೋಗಿ ತೀರಿಕೊಂಡರು ಎಂಬ ಸುದ್ದಿ ಒಂದರ ಹಿಂದೆ ಒಂದು ಬರುತ್ತಿತ್ತು.

ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ತಡೆ ತೆಗೆಯಲು ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರ ಹೊತ್ತಿಗೆ ಕೊರೊನಾ ಇಲ್ಲದ ತುರ್ತು ರೋಗಿಗಳನ್ನು ತಲಪಾಡಿಯಲ್ಲಿ ಪರೀಕ್ಷೆ ಮಾಡಿ ಬಿಡುವುದು ಎಂದು ಒಪ್ಪಂದ ಆಯಿತು. ಆದರೆ ತಿಂಗಳ ಮದ್ದು ಬೇಕಾದವರು ತುರ್ತು ರೋಗಿಗಳ ಲೆಕ್ಕಕ್ಕೆ ಬರುವುದಿಲ್ಲವಲ್ಲ.

ನಮ್ಮ ಅಮ್ಮ ಹಾಗೆ. ಹೃದಯಕ್ಕೆ ಸ್ಟೆಂಟ್ ಹಾಕಿದೆ. ರಕ್ತ ಹೆಪ್ಪುಗಟ್ಟದ ಹಾಗೆ ಒಂದು ಮಾತ್ರೆ ದಿನಾ ಬೇಕು, ತಪ್ಪಿಸಬಾರದು. ಮಾರ್ಚ್ 29ಕ್ಕೆ ನಾನು ಡಬ್ಬಿ ತೆಗೆದು ನೋಡಿದೆ. ಒಂಬತ್ತು ಉಳಿದಿತ್ತು. ಪೆರ್ಲದಲ್ಲಿ ಇಲ್ಲ, ಬದಿಯಡ್ಕದಲ್ಲಿ ಇಲ್ಲ. ಕಾಸರಗೋಡಿಗೆ ಹೋಗಲು ಬಸ್ಸಿಲ್ಲ, ರಸ್ತೆಯಲ್ಲಿ ಪೋಲೀಸು. ವಿಟ್ಲದಲ್ಲಿ ಸಿಕ್ಕಿತು ಎಂದು ಭಾವ ಫೋನ್ ಮಾಡಿದರು. ಸಿಕ್ಕಿದ್ದು ಅರ್ಧ ಗಂಟೆ ದೂರದಲ್ಲಿ, ನಡುವೆ ಮಣ್ಣಿನ ರಾಶಿ.

ಅಲ್ಲಿ ಕಾವಲಿಗಿದ್ದ ಪೋಲೀಸರ ಹತ್ತಿರ ಭಾವ ಮೊದಲೇ ಹೋಗಿ ಡಾಕ್ಟರ ಚೀಟಿ ತೋರಿಸಿ ಕೇಳಿದ್ದರು. ನಾನು ಬೆಳಿಗ್ಗೆ ಏಳಕ್ಕೆ ತೋಟದ ದಾರಿಯಲ್ಲಿ ನಡೆದುಕೊಂಡೇ ಹೋದೆ. ಭಾವ ಆಚೆ ನಿಂತಿದ್ದರು, ಮೂಗಿಗೆ ಬೈರಾಸು (ಟವೆಲ್) ಕಟ್ಟಿಕೊಂಡು. ಒಂದು ಪ್ಲಾಸ್ಟಿಕ್ ತೊಟ್ಟೆಯನ್ನು ಮಣ್ಣಿನ ಮೇಲೆ ಇಟ್ಟು ಹತ್ತು ಹೆಜ್ಜೆ ಹಿಂದೆ ಹೋದರು. ನಾನು ಹೋಗಿ ತೆಗೆದುಕೊಂಡೆ. ಆರು ಪಟ್ಟಿ ಮಾತ್ರೆ, ಅದರ ಜೊತೆ ತಂಗಿ ಸುತ್ತಿ ಕಳಿಸಿದ ಹಲಸಿನ ಹಪ್ಪಳ. ನಾನು ತಂದಿದ್ದ ಗುಜ್ಜೆಯನ್ನು (ಎಳೆ ಹಲಸನ್ನು) ಅದೇ ಜಾಗದಲ್ಲಿ ಇಟ್ಟೆ. "ಅತ್ತೆಗೆ ಹೇಳಿ, ಮಕ್ಕಳು ಚೆನ್ನಾಗಿದ್ದಾರೆ" ಎಂದರು ಭಾವ. ಅಷ್ಟೇ ಮಾತು. ಹತ್ತು ವರ್ಷದಲ್ಲಿ ನಾವು ಒಬ್ಬರನ್ನೊಬ್ಬರು ನೋಡಿ ಕೈ ಹಿಡಿಯದೆ ವಾಪಸ್ ಬಂದದ್ದು ಅದೊಂದೇ ದಿನ.

ಊಟಕ್ಕೆ ಅಂಥ ತೊಂದರೆ ಆಗಲಿಲ್ಲ. ರೇಷನ್ ಅಂಗಡಿಯಲ್ಲಿ ಅಕ್ಕಿ ಬಂತು, ಸರ್ಕಾರದ 17 ಸಾಮಾನಿನ ಕಿಟ್ ಬಂತು. ಆಚೆಯಿಂದ ತರಕಾರಿ ಲಾರಿ ತಡವಾದಾಗ ಗುಜ್ಜೆ, ನುಗ್ಗೆಸೊಪ್ಪು, ಕೆಸು ಇದ್ದೇ ಇತ್ತು. ಕಷ್ಟ ಆದದ್ದು ಸುದ್ದಿಗೆ. ಇದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಇಲ್ಲಿ ಹಳಬರು ಕಲಿತದ್ದು ಕನ್ನಡ ಶಾಲೆಯಲ್ಲಿ. ಆದೇಶಗಳು ಬರುವುದು ಮಲಯಾಳದಲ್ಲಿ. ಟಿವಿ ಹಾಕಿದರೆ ಕನ್ನಡ ಚಾನೆಲ್ ಹೇಳುವುದು ಕರ್ನಾಟಕದ ನಿಯಮ, ಅದು ನಮಗೆ ಅನ್ವಯ ಆಗುವುದಿಲ್ಲ. ಸಂಜೆ 6ಕ್ಕೆ ಆಗ ಕೇರಳದ ಮುಖ್ಯಮಂತ್ರಿಯಾಗಿದ್ದ ಪಿಣರಾಯಿ ವಿಜಯನ್ ಹೇಳುತ್ತಿದ್ದದ್ದು ನಮ್ಮ ನಿಯಮ, ಅದು ಅಮ್ಮನ ವಯಸ್ಸಿನ ಎಷ್ಟೋ ಜನರಿಗೆ ಪೂರ್ತಿ ಅರ್ಥ ಆಗುತ್ತಿರಲಿಲ್ಲ. ಕೊನೆಗೆ ಪಕ್ಕದ ಮನೆಯ ಡಿಗ್ರಿ ಓದುವ ಹುಡುಗಿ ಒಂದು ಕೆಲಸ ಮಾಡಿದಳು. ದಿನಾ ಸಂಜೆ ಕೇಳಿ, ಮುಖ್ಯವಾದದ್ದನ್ನು ಕನ್ನಡದಲ್ಲಿ ಎರಡು ನಿಮಿಷ ಮಾತಾಡಿ ವಾಟ್ಸಾಪಿಗೆ ಹಾಕುತ್ತಿದ್ದಳು. ಅಂಗಡಿ ಎಷ್ಟು ಹೊತ್ತಿನ ತನಕ, ಯಾವ ವಾರ್ಡು ಬಂದ್, ಯಾರಿಗೆ ಪಾಸು. ಆಮೇಲೆ ಅದನ್ನೇ ತುಳುವಿನಲ್ಲೂ ಹೇಳಲು ಶುರು ಮಾಡಿದಳು. ನಮ್ಮ ಬೈಲಿನಲ್ಲಿ ಎಷ್ಟೋ ಮುದುಕರು ಅವಳ ಸ್ವರಕ್ಕೆ ಕಾಯುತ್ತಿದ್ದರು.

ಇನ್ನು ತಮ್ಮ. ಅವನು ಶಾರ್ಜಾದಲ್ಲಿ. ಮಾರ್ಚ್ 22ಕ್ಕೇ ಹೊರದೇಶದ ವಿಮಾನ ನಿಂತಿತ್ತು. ಒಂದು ರೂಮಿನಲ್ಲಿ ಆರು ಜನ, ಕೆಲಸ ಇಲ್ಲ, ಸಂಬಳ ಅರ್ಧ. ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ವಂದೇ ಭಾರತ್ ವಿಮಾನ ಮೇ 7ರಿಂದ ಶುರುವಾದಾಗ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆ. ನಮಗೆ ಹತ್ತಿರದ ವಿಮಾನ ನಿಲ್ದಾಣ ಮಂಗಳೂರು. ಮೇ 12ಕ್ಕೆ ದುಬೈಯಿಂದ ಅಲ್ಲಿಗೆ ವಿಮಾನವೂ ಬಂತು. ಆದರೆ ಅಲ್ಲಿ ಇಳಿದರೆ ಕರ್ನಾಟಕದ ಕ್ವಾರಂಟೈನ್, ಆಮೇಲೆ ಗಡಿ ದಾಟಲು ಕೇರಳದ ಪಾಸು. ಸುತ್ತಾದರೂ ಕೋಯಿಕ್ಕೋಡಿಗೋ ಕಣ್ಣೂರಿಗೋ ಬಾ ಎಂದೆವು. ವಿಮಾನದ ಪಟ್ಟಿಯಲ್ಲಿ ಅವನ ಹೆಸರು ಬರುವಾಗ ಜೂನ್ ಆಯಿತು. ಅಡಿಕೆ ಅಂಗಳದ ಬದಿಯ ಕೊಟ್ಟಿಗೆಯನ್ನು ಸುಣ್ಣ ಬಳಿದು ಅವನಿಗೆ ರೂಮು ಮಾಡಿದೆವು. ಅಲ್ಲಿಂದ ಅಡುಗೆಮನೆ ಕಿಟಕಿ ಕಾಣುತ್ತದೆ, ಅಮ್ಮ ಹಟ ಹಿಡಿದು ಅದೇ ಜಾಗ ಆರಿಸಿದರು.

ಅವನು ಬರುವ ಮೊದಲು ಏಪ್ರಿಲ್‌ನಲ್ಲಿ ಒಂದು ರಾತ್ರಿ ಅಮ್ಮನೇ ಮಾತು ತೆಗೆದರು. ವಿಡಿಯೋ ಕಾಲಿನಲ್ಲಿ ತಮ್ಮ, ತಂಗಿ ಇಬ್ಬರೂ ಇದ್ದರು. "ನನಗೆ ಏನಾದರೂ ಆದರೆ ನೀವಿಬ್ಬರೂ ಬರಲು ಆಗುವುದಿಲ್ಲ. ಅದಕ್ಕೆ ಯಾರೂ ಬೇಜಾರು ಮಾಡಬಾರದು. ಇಲ್ಲಿ ಇರುವವನು ಮಾಡಲಿ" ಎಂದರು. ಸಾವಿಗೆ 20 ಜನ ಮಾತ್ರ ಸೇರಬಹುದು ಎಂಬುದು ಅವರಿಗೆ ಗೊತ್ತಿತ್ತು. ತಂಗಿ ಅತ್ತಳು. ತಮ್ಮ ಫೋನನ್ನು ಬೇರೆ ಕಡೆ ತಿರುಗಿಸಿದ. ವಿಟ್ಲವೂ ಶಾರ್ಜಾವೂ ಒಂದೇ ದೂರ ಎಂದು ನನಗೆ ಗೊತ್ತಾದದ್ದು ಆಗ.

ಮಾರನೇ ದಿನ ನಾವು ಮೂವರೂ ಕೂತು ಬರೆದೆವು, ಒಬ್ಬೊಬ್ಬರು ಒಂದೊಂದು ಕಡೆಯಿಂದ. ಅಮ್ಮನ ಮಾತ್ರೆಗಳ ಹೆಸರು, ಎಷ್ಟು, ಯಾವ ಹೊತ್ತಿಗೆ. ರಕ್ತದ ಗುಂಪು. ಹಳೇ ಇಸಿಜಿ, ಡಿಸ್ಚಾರ್ಜ್ ಚೀಟಿಯ ಫೋಟೋ ಮೂವರ ಫೋನಿನಲ್ಲೂ. ತಲಪಾಡಿ ದಾರಿಯಲ್ಲಿ ಬಿಡದಿದ್ದರೆ ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜು, ಅದಕ್ಕೆ ಯಾವ ಆಂಬ್ಯುಲೆನ್ಸ್. ಮಣ್ಣಿನ ರಾಶಿಯ ಹತ್ತಿರ ಕಾಯುವುದು ಯಾರು. ತಮ್ಮ ದುಡ್ಡು ಕಳಿಸುವುದು, ಭಾವ ಮದ್ದು ತರುವುದು, ನಾನು ಅಮ್ಮನ ಜೊತೆ ಇರುವುದು. ಸುಮ್ನೆ ಒಬ್ಬರ ಮೇಲೆ ಒಬ್ಬರು ಭಾರ ಹಾಕುವುದು ಬೇಡ ಎಂದು ಹೀಗೆ ಹಂಚಿಕೊಂಡೆವು. ದೂರ ಇದ್ದವರಿಗೂ ಮಾಡಲು ಒಂದು ಕೆಲಸ ಸಿಕ್ಕಿದ್ದು ಒಳ್ಳೆಯದಾಯಿತು. ಅದರ ನಂತರ ತಮ್ಮನಿಗೆ ರಾತ್ರಿ ನಿದ್ದೆ ಬಂತಂತೆ.

ಆ ಹಾಳೆ ಅಮ್ಮನ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದು. 2021ರ ಫೆಬ್ರವರಿಯಲ್ಲಿ ಗಡಿ ದಾಟಲು ಕೊರೊನಾ ಇಲ್ಲ ಎಂಬ ಆರ್‌ಟಿಪಿಸಿಆರ್ ಚೀಟಿ ಬೇಕು ಎಂದು ಪುನಃ ಶುರುವಾದಾಗ ನಾನು ಹೋಗಿ ಕಪಾಟು ತೆರೆದೆ. ಹಾಳೆಯ ಕೆಳಗಿನ ಡಬ್ಬಿಯಲ್ಲಿ ಮಾತ್ರೆಯ ಎಂಟು ಪಟ್ಟಿ ಇತ್ತು. ತಂಗಿ ಹಿಂದಿನ ವಾರವೇ ಬಂದು ಇಟ್ಟು ಹೋಗಿದ್ದಳು.