ಸೋಮವಾರ ಕೇಸು ಕಡಿಮೆ, ಬುಧವಾರ ಜಾಸ್ತಿ: ಯಾಕೆ ಹಾಗೆ?

ಸಾಂಕ್ರಾಮಿಕ ರೋಗ ಬಂದಾಗ ಸರ್ಕಾರ ಕೊಡುವ ಮಾಹಿತಿಯನ್ನು ಎಷ್ಟು ನಂಬಬೇಕು, ಹೇಗೆ ಓದಬೇಕು ಅಂತ ಕಲ್ಯಾಣ ಕರ್ನಾಟಕದ ಓದುಗರು ಕೇಳಿದ್ದರು. ಸಮುದಾಯ ಆರೋಗ್ಯ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ಸರ್, ಕೊರೊನಾ ಟೈಮಿನಲ್ಲಿ ದಿನಾ ಸಂಜೆ ಬುಲೆಟಿನ್ ನೋಡುತ್ತಿದ್ದೆ. ಸೋಮವಾರ ಕೇಸು ಕಡಿಮೆ ಇರುತ್ತಿತ್ತು, ಬುಧವಾರ ಒಮ್ಮೆಲೇ ಏರುತ್ತಿತ್ತು. ರೋಗಕ್ಕೇನು ವಾರದ ರಜೆ ಗೊತ್ತಾ? ಸಂಖ್ಯೆ ತಿದ್ದುತ್ತಿದ್ದರಾ?
– ಜೇವರ್ಗಿಯ ಓದುಗ

ರೋಗಕ್ಕೆ ರಜೆ ಇಲ್ಲ, ಲ್ಯಾಬಿಗೆ ಇದೆ. ಭಾನುವಾರ ಟೆಸ್ಟ್ ಕಡಿಮೆ ಆಗುತ್ತವೆ, ಅದರ ನೆರಳು ಸೋಮವಾರ, ಮಂಗಳವಾರದ ಲೆಕ್ಕದಲ್ಲಿ ಬೀಳುತ್ತದೆ. ಇದರಲ್ಲಿ ತಿದ್ದುವ ಮಾತೇ ಇಲ್ಲ. ಬುಲೆಟಿನ್‌ನಲ್ಲಿ ಬರುವುದು ಆ ದಿನ ಎಷ್ಟು ಜನರ ಪಾಸಿಟಿವ್ ವರದಿ ಕೈಸೇರಿತು ಅನ್ನುವ ಲೆಕ್ಕ. ಆ ದಿನ ಎಷ್ಟು ಜನರಿಗೆ ಸೋಂಕು ತಗುಲಿತು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಸೋಂಕು ತಗುಲಿ ಜ್ವರ, ಕೆಮ್ಮು ಕಾಣಿಸಲು ಸಾಮಾನ್ಯವಾಗಿ ಐದಾರು ದಿನ. ಆಮೇಲೆ ಮಾತ್ರೆ ನುಂಗಿ ನೋಡೋಣ ಅಂತ ಎರಡು ದಿನ ಮನೆಯಲ್ಲೇ. ಮತ್ತೆ ಗಂಟಲಿನ ಸ್ವಾಬ್ ಕೊಟ್ಟು ವರದಿಗೆ ಕಾಯುವುದು. ಅಂದರೆ ಇವತ್ತು ಟಿವಿಯಲ್ಲಿ ಓಡುವ ಸಂಖ್ಯೆ ಹೆಚ್ಚುಕಡಿಮೆ ಹತ್ತು ದಿನ ಹಿಂದಿನ ಕಥೆ.

ಇದಕ್ಕೆ ನಮ್ಮ ಊರಿಗಿಂತ ದೊಡ್ಡ ಉದಾಹರಣೆ ಬೇಕಾ? ದೇಶದಲ್ಲೇ ಮೊದಲ ಕೊರೊನಾ ಸಾವು ಆದದ್ದು ಕಲಬುರಗಿಯವರದು. ಸೌದಿಯಿಂದ ಮರಳಿದ್ದ 76 ವರ್ಷದ ಹಿರಿಯರು ತೀರಿಕೊಂಡದ್ದು 2020ರ ಮಾರ್ಚ್ 10ರಂದು. ಅವರಿಗೆ ಕೊರೊನಾ ಇತ್ತು ಅಂತ ಖಚಿತವಾದದ್ದು 12ರಂದು. ನಡುವಿನ 11ನೇ ತಾರೀಖು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಪಿಡುಗು ಅಂತ ಘೋಷಿಸಿತು. ಆ ಎರಡು ದಿನ ಸರ್ಕಾರಿ ಲೆಕ್ಕದಲ್ಲಿ ದೇಶದ ಕೊರೊನಾ ಸಾವು ಸೊನ್ನೆಯೇ. ಸುಳ್ಳು ಅಂತ ಅಲ್ಲ, ವರದಿ ಬಂದಿರಲಿಲ್ಲ ಅಷ್ಟೇ.

ಉಲ್ಟಾ ಕೂಡ ಆಗುತ್ತದೆ. 2020ರ ಮೇ, ಜೂನ್ ನೆನಪು ಮಾಡಿಕೊಳ್ಳಿ. ಮುಂಬೈ, ಪುಣೆಗೆ ದುಡಿಯಲು ಗುಳೆ ಹೋಗಿದ್ದವರು ಊರಿಗೆ ಮರಳಿದರು. ಶಾಲೆ, ಹಾಸ್ಟೆಲ್‌ಗಳಲ್ಲಿ ಕ್ವಾರಂಟೈನ್ ಮಾಡಿ ಎಲ್ಲರ ಸ್ವಾಬ್ ತೆಗೆದಾಗ ಕಲಬುರಗಿ, ಯಾದಗಿರಿಯ ಸಂಖ್ಯೆ ದಿಢೀರ್ ಏರಿತು. ಅವರಲ್ಲಿ ಬಹಳ ಜನಕ್ಕೆ ಕೆಮ್ಮೂ ಇರಲಿಲ್ಲ. ಹುಡುಕಿದ್ದಕ್ಕೆ ಸಿಕ್ಕಿತು. ಅದನ್ನೇ ಹಿಡಿದುಕೊಂಡು 'ಯಾದಗಿರಿ ಕೈ ತಪ್ಪಿತು' ಅಂತ ಬೊಬ್ಬೆ ಹಾಕಿದ ಚಾನೆಲ್‌ನವರಿಗೆ ಈ ವ್ಯತ್ಯಾಸ ಬೇಕಿರಲಿಲ್ಲ ಅನ್ನಿಸುತ್ತದೆ.

ಹಾಗಾದರೆ ಏನು ನೋಡಬೇಕು? ನೂರು ಟೆಸ್ಟಿಗೆ ಎಷ್ಟು ಪಾಸಿಟಿವ್ ಅನ್ನುವುದನ್ನು ನೋಡಿ. ಒಂದು ದಿನ 1000 ಟೆಸ್ಟಿನಲ್ಲಿ 50 ಪಾಸಿಟಿವ್, ಇನ್ನೊಂದು ದಿನ 400ರಲ್ಲಿ 40 ಅಂತಿಟ್ಟುಕೊಳ್ಳಿ. ಕೇಸು 50ರಿಂದ 40ಕ್ಕೆ ಇಳಿಯಿತು ಅಂತ ಸುದ್ದಿ ಬರುತ್ತದೆ, ನಿಜಕ್ಕೂ ಪ್ರಮಾಣ ಶೇ 5ರಿಂದ ಶೇ 10ಕ್ಕೆ ಏರಿದೆ. ಒಂದು ದಿನದ ಸಂಖ್ಯೆ ಬಿಟ್ಟು ಏಳು ದಿನದ ಸರಾಸರಿ ನೋಡಿದರೆ ಭಾನುವಾರದ ಗೊಂದಲವೂ ಹೋಗುತ್ತದೆ. ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲೆ ಎಷ್ಟು ಜನ ಇದ್ದಾರೆ ಅನ್ನುವುದು ಇವೆರಡಕ್ಕಿಂತ ಗಟ್ಟಿ ಮಾಹಿತಿ, ಯಾಕೆಂದರೆ ಟೆಸ್ಟ್ ಕಡಿಮೆ ಮಾಡಿ ಅದನ್ನು ಇಳಿಸಲು ಆಗುವುದಿಲ್ಲ.

ಪ್ರಶ್ನೆ: ನಮ್ಮ ಮಾವನವರು 2021ರ ಮೇ ತಿಂಗಳಲ್ಲಿ ಪಾಸಿಟಿವ್ ಬಂದ 20 ದಿನಕ್ಕೆ ಮನೆಯಲ್ಲೇ ಹೋದರು. ಜಿಲ್ಲೆಯ ಕೊರೊನಾ ಸಾವಿನ ಲೆಕ್ಕದಲ್ಲಿ ಅವರಿಲ್ಲ. ಸರ್ಕಾರ ಮುಚ್ಚಿಟ್ಟಿತಾ?
– ಕಲಬುರಗಿಯ ಓದುಗರು

ಅಕ್ಕಾವ್ರೆ, ನಿಮ್ಮ ಸಿಟ್ಟು ಸುಮ್ನೆ ಬಂದದ್ದಲ್ಲ. ಆಗ ದಿನದ ಲೆಕ್ಕಕ್ಕೆ ಮುಖ್ಯವಾಗಿ ಸಿಗುತ್ತಿದ್ದದ್ದು ಆಸ್ಪತ್ರೆಯಿಂದ ವರದಿಯಾದ ಸಾವು. ಮನೆಯಲ್ಲಿ ಹೋದವರು, ಟೆಸ್ಟೇ ಆಗದವರು, ನೆಗೆಟಿವ್ ಬಂದ ಮೇಲೆ ಶ್ವಾಸಕೋಶ ಕೆಟ್ಟು ಹೋದವರು ಬಹಳ ಸಲ ಹೊರಗೇ ಉಳಿದರು. ಕೇಂದ್ರ ಸರ್ಕಾರ ಸ್ಪಷ್ಟ ಮಾರ್ಗಸೂಚಿ ಕೊಟ್ಟದ್ದು 2021ರ ಸೆಪ್ಟೆಂಬರ್‌ನಲ್ಲಿ, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಅದರ ಪ್ರಕಾರ ಪಾಸಿಟಿವ್ ಬಂದ 30 ದಿನದೊಳಗಿನ ಸಾವು, ಆಸ್ಪತ್ರೆಯ ಹೊರಗೆ ಆದರೂ ಕೊರೊನಾ ಸಾವೇ. ನಿಮ್ಮ ಮಾವನವರದು ಇದರೊಳಗೇ ಬರುತ್ತದೆ. ಪ್ರಮಾಣಪತ್ರ ಸರಿಯಿಲ್ಲ ಅನ್ನಿಸಿದವರಿಗೆ ಜಿಲ್ಲಾ ಮಟ್ಟದ ಸಮಿತಿಯ ದಾರಿಯೂ ಆಗಲೇ ಬಂತು.

ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ನಿಗದಿಯಾಯಿತು. ಬಿಪಿಎಲ್ ಕುಟುಂಬಕ್ಕೆ ರಾಜ್ಯ ಸರ್ಕಾರ ಬೇರೆಯಾಗಿ ಒಂದು ಲಕ್ಷ ಘೋಷಿಸಿತ್ತು. 2022ರ ಮಾರ್ಚ್ 20ಕ್ಕಿಂತ ಮೊದಲಿನ ಸಾವುಗಳಿಗೆ ಅರ್ಜಿ ಹಾಕಲು ಆ ಮಾರ್ಚ್ 24ರಿಂದ 60 ದಿನ ಕೊಟ್ಟಿದ್ದರು, ಅದು ಮುಗಿದಿದೆ. ಸಮಯಕ್ಕೆ ಹಾಕಲು ನಿಜವಾದ ಅಡಚಣೆ ಇದ್ದವರು ಕುಂದುಕೊರತೆ ಸಮಿತಿಗೆ ಹೋಗಬಹುದು ಅಂತ ಕೋರ್ಟ್ ಹೇಳಿತ್ತು. ನೀವು ಹಾಕಿಲ್ಲದಿದ್ದರೆ ಟೆಸ್ಟ್ ವರದಿ, ಮರಣ ಪ್ರಮಾಣಪತ್ರ ಹಿಡಿದು ಡಿಸಿ ಆಫೀಸಿನಲ್ಲಿ ಕೇಳಿ. ಇಷ್ಟು ತಡವಾದ ಮೇಲೆ ಆಗುತ್ತದೆ ಅಂತ ಭರವಸೆ ಕೊಡಲಾರೆ, ಕೇಳಿ ಬರೆಸಿಕೊಳ್ಳುವುದರಲ್ಲಿ ನಷ್ಟವಿಲ್ಲ.

ಇನ್ನು ಮುಚ್ಚಿಟ್ಟರಾ ಅನ್ನುವುದಕ್ಕೆ: ದೇಶದಲ್ಲಿ ನೋಂದಣಿಯಾದ ಎಲ್ಲ ಕಾರಣದ ಸಾವುಗಳು 2020ರಲ್ಲಿ ಸುಮಾರು 81 ಲಕ್ಷ, 2021ರಲ್ಲಿ 1.02 ಕೋಟಿ. ಒಂದೇ ವರ್ಷಕ್ಕೆ 20 ಲಕ್ಷದಷ್ಟು ಜಾಸ್ತಿ. ಎಲ್ಲವೂ ಕೊರೊನಾದಿಂದ ಅಂತ ಹೇಳಲಾಗದು, ನೋಂದಣಿಯೂ ಸುಧಾರಿಸಿರುತ್ತದೆ. ಆದರೆ 2021ರ ಕೊನೆಯವರೆಗೆ ಸರ್ಕಾರ ಹೇಳಿದ ಒಟ್ಟು ಕೊರೊನಾ ಸಾವು 5 ಲಕ್ಷದೊಳಗೇ. ಈ ಎರಡು ಸಂಖ್ಯೆಗಳ ನಡುವಿನ ಜಾಗದಲ್ಲಿ ನಿಮ್ಮ ಮಾವನವರಂಥವರು ಬಹಳ ಜನ ಇದ್ದಾರೆ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: 'ನಾಳೆಯಿಂದ ಮತ್ತೆ ಲಾಕ್‌ಡೌನ್, ಡಿಸಿ ಆರ್ಡರ್' ಅಂತ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಬರುತ್ತದೆ. ನಿಜವೋ ಸುಳ್ಳೋ ಹೇಗೆ ತಿಳಿಯುವುದು?
– ಬಸವಕಲ್ಯಾಣದ ಓದುಗ

ಮೊದಲು ತಾರೀಖು ನೋಡಿ. ಇಂಥ ಮೆಸೇಜುಗಳಲ್ಲಿ ಅರ್ಧಕ್ಕರ್ಧ 2020, 2021ರ ಹಳೇ ಆದೇಶದ ಫೋಟೋ, ತಾರೀಖಿನ ಜಾಗ ಕತ್ತರಿಸಿರುತ್ತಾರೆ. ಆಮೇಲೆ ಜಿಲ್ಲೆ. ನಿಮ್ಮ ಕಡೆ ಗಡಿ ಹತ್ತಿರ, ಲಾತೂರ್, ಸೋಲಾಪುರದ ಗ್ರೂಪುಗಳಿಂದಲೂ ಫಾರ್ವರ್ಡ್ ಬರುತ್ತದೆ. ಅಲ್ಲಿನ ಕಲೆಕ್ಟರ್ ಆದೇಶ ಬೀದರ್ ಜಿಲ್ಲೆಗೆ ಲಾಗೂ ಆಗುವುದಿಲ್ಲ. ನಿಜವಾದ ಆದೇಶದಲ್ಲಿ ಆದೇಶ ಸಂಖ್ಯೆ, ಸಹಿ, ಯಾವ ಕಾಯ್ದೆಯ ಕೆಳಗೆ ಅನ್ನುವುದು ಇರುತ್ತದೆ. ಒಂದು ಸಣ್ಣ ಗುಟ್ಟು: 2024ರ ಜುಲೈ 1ರಿಂದ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಹೋಗಿ ಹೊಸ ಸಂಹಿತೆ ಬಂದಿದೆ, ನಿಷೇಧಾಜ್ಞೆಯ ಹಳೇ ಸೆಕ್ಷನ್ 144ರ ಜಾಗದಲ್ಲಿ ಈಗ 163. ಹೊಸ ತಾರೀಖಿನ 'ಆದೇಶ'ದಲ್ಲಿ ಸಿಆರ್‌ಪಿಸಿ 144 ಅಂತ ಇದ್ದರೆ ಅನುಮಾನಪಡಿ. ಬಾಯಿಮಾತಿಗೆ ಜನ ಈಗಲೂ 144 ಅನ್ನುತ್ತಾರೆ, ಅದು ಬೇರೆ. ಕೊನೆಗೆ ಜಿಲ್ಲೆಯ ವೆಬ್‌ಸೈಟ್‌ನಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಆಗ ಪಾಸಿಟಿವ್ ಬಂದ ಮನೆಗೆ ಚೀಟಿ ಅಂಟಿಸುತ್ತಿದ್ದೆವು. ಆಮೇಲೆ ಆ ಮನೆಯವರಿಗೆ ಓಣಿಯಲ್ಲಿ ನೀರು ತುಂಬಲೂ ಬಿಡುತ್ತಿರಲಿಲ್ಲ. ಮುಂದೆ ಮತ್ತೆ ಹಾಗೇ ಮಾಡಬೇಕಾ?
– ಸುರಪುರ ತಾಲ್ಲೂಕು

ತಾನಾಗಿ ಮಾಡಬೇಕಿಲ್ಲ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ವಿಪತ್ತು ನಿರ್ವಹಣಾ ಕಾಯ್ದೆಯ ಕೆಳಗೆ ಸಂಬಂಧಪಟ್ಟ ಪ್ರಾಧಿಕಾರ ನಿರ್ದಿಷ್ಟವಾಗಿ ಸೂಚಿಸದ ಹೊರತು ಮನೆಗೆ ಪೋಸ್ಟರ್ ಅಂಟಿಸುವಂತಿಲ್ಲ. ಹಾಗಾಗಿ ಅಂಟಿಸಿ ಅಂತ ಯಾರಾದರೂ ಬಾಯಲ್ಲಿ ಹೇಳಿದರೆ ಬರಹದಲ್ಲಿ ಕೇಳಿ, ತಾಯಿ. ಚೀಟಿಗೆ ಹೆದರಿ ಜನ ಟೆಸ್ಟೇ ಬೇಡ ಅಂದರೆ ಬುಲೆಟಿನ್ ಸಂಖ್ಯೆ ಇಳಿಯುತ್ತದೆ, ರೋಗ ಇಳಿಯುವುದಿಲ್ಲ.

ಪ್ರಶ್ನೆ: ಮುಂದೆ ಏನಾದರೂ ಹರಡಿದರೆ ಸರ್ಕಾರಕ್ಕೆ ಮೊದಲು ಯಾರು ತಿಳಿಸುತ್ತಾರೆ?
– ಭಾಲ್ಕಿ

ನೀವೇ ತಿಳಿಸಬಹುದು. ಒಂದೇ ಓಣಿಯಲ್ಲಿ ನಾಲ್ಕಾರು ಮನೆಗೆ ಒಂದೇ ವಾರದಲ್ಲಿ ಒಂದೇ ಥರ ಜ್ವರ, ಭೇದಿ ಬಂದರೆ ಆಶಾಗೋ ಪಿಎಚ್‌ಸಿಗೋ ಹೇಳಿ, ಇಲ್ಲವೇ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ. ಅಲ್ಲಿಂದ ಅದು ರೋಗಗಳ ಮೇಲೆ ಕಣ್ಣಿಡುವ ಜಿಲ್ಲಾ ಸರ್ವೇಕ್ಷಣಾ ಘಟಕಕ್ಕೆ ಹೋಗುತ್ತದೆ. ಯಾವ ಓಣಿ, ಯಾವತ್ತಿನಿಂದ, ಎಷ್ಟು ಜನ, ಕುಡಿಯುವ ನೀರು ಎಲ್ಲಿಯದು: ಈ ನಾಲ್ಕು ಸಂಗತಿ ಬರೆದಿಟ್ಟುಕೊಂಡು ಫೋನ್ ಮಾಡಿ.