ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಸಮಾಜವಾದದ ವಿರೋಧಿಯೇ? 'ಅನಿಮಲ್ ಫಾರ್ಮ್', '1984' ಆದ ಮೇಲೆ ಏನು ಓದಲಿ?

ಖಂಡಿತ ವಿರೋಧಿಯಲ್ಲ. ನೀವು ಓದಿರುವ 'ಅನಿಮಲ್ ಫಾರ್ಮ್' (1945), '1984' (1949) ಎರಡೂ ಆತನ ಕೊನೆಯ ಕಾದಂಬರಿಗಳು. ಸಮಾಜವಾದದ ಹೆಸರಿನ ಸರ್ವಾಧಿಕಾರವನ್ನು ಚುಚ್ಚುವ ಅವನ್ನಷ್ಟೇ ಓದಿದವರಿಗೆ ಈ ಅನುಮಾನ ಬರುವುದು ಸಹಜ. 1936ರಿಂದೀಚೆಗೆ ತಾನು ಬರೆದ ಗಂಭೀರ ಬರಹವೆಲ್ಲ ಸರ್ವಾಧಿಕಾರದ ವಿರುದ್ಧ, ಪ್ರಜಾಸತ್ತಾತ್ಮಕ ಸಮಾಜವಾದದ ಪರ ಎಂದು 1946ರ 'ವೈ ಐ ರೈಟ್' ಪ್ರಬಂಧದಲ್ಲಿ ಆತನೇ ಹೇಳಿದ್ದಾನೆ. ಹಾಗಾಗಿ ಹಿಂದಕ್ಕೆ ಹೋಗಿ.

ಮೊದಲು 'ಶೂಟಿಂಗ್ ಆ್ಯನ್ ಎಲಿಫೆಂಟ್', ಚಿಕ್ಕ ಪ್ರಬಂಧ. ಆರ್ವೆಲ್ 1922ರಿಂದ 1927ರವರೆಗೆ ಬ್ರಿಟಿಷರ ಆಳ್ವಿಕೆಯ ಬರ್ಮಾದಲ್ಲಿ ಪೊಲೀಸ್ ಅಧಿಕಾರಿ. ಪ್ರಬಂಧದಲ್ಲಿ, ದಾಂಧಲೆ ಮಾಡಿದ್ದ ಆನೆಯ ಮದ ಇಳಿದಿದೆ, ತನ್ನ ಪಾಡಿಗೆ ಹುಲ್ಲು ತಿನ್ನುತ್ತಿದೆ. ಆದರೂ ನೆರೆದ ಜನರೆದುರು ನಗೆಪಾಟಲಾಗಬಾರದೆಂದು ಈ ಪೊಲೀಸ್ ಸಾಹೇಬ ಗುಂಡು ಹಾರಿಸುತ್ತಾನೆ.

ಆಮೇಲೆ 'ದ ರೋಡ್ ಟು ವಿಗನ್ ಪಿಯರ್' (1937). ಎರಡು ಮತ್ತು ಮೂರನೇ ಅಧ್ಯಾಯಗಳನ್ನು ನಿಧಾನವಾಗಿ ಓದಿ. ಉತ್ತರ ಇಂಗ್ಲೆಂಡಿನ ಕಲ್ಲಿದ್ದಲು ಗಣಿಯಲ್ಲಿ ಆಗ ಪಾಳಿ ಏಳೂವರೆ ಗಂಟೆ. ಆದರೆ ನೆಲದಡಿ ಬೆನ್ನು ಬಗ್ಗಿಸಿ, ಕೆಲವೆಡೆ ತೆವಳಿ, ಕೆಲಸದ ಜಾಗಕ್ಕೆ ಹೋಗಿ ಬರಲು ದಿನಕ್ಕೆ ಇನ್ನೂ ಒಂದರಿಂದ ಮೂರು ಗಂಟೆ ಬೇಕಿತ್ತು, ಅದಕ್ಕೆ ಕೂಲಿಯಿರಲಿಲ್ಲ. ವಾರದ ಕೂಲಿಯಲ್ಲಿ ಮುರಿದುಕೊಳ್ಳುವ ಹಣದ ಪಟ್ಟಿಯನ್ನೇ ಕೊಟ್ಟಿದ್ದಾನೆ: ದೀಪದ ಬಾಡಿಗೆ 6 ಪೆನ್ಸ್, ಹತಾರ ಹರಿತ ಮಾಡಲು 6, ಕಲ್ಲಿದ್ದಲಿನ ತೂಕ ನೋಡುವವನಿಗೆ 9, ಹೀಗೆ ಒಟ್ಟು 4 ಷಿಲಿಂಗ್ 5 ಪೆನ್ಸ್. ದುಡಿಯಲು ಬೇಕಾದ ದೀಪಕ್ಕೂ ದುಡಿಯುವವನೇ ಬಾಡಿಗೆ ಕೊಡಬೇಕು! ಆತನ ಸಮಾಜವಾದದ ಬುಡ ಇಂಥ ಲೆಕ್ಕದಲ್ಲಿದೆ. ದ್ವಿತೀಯಾರ್ಧದಲ್ಲಿ ಮಧ್ಯಮ ವರ್ಗದ ಸಮಾಜವಾದಿಗಳನ್ನು ಚೆನ್ನಾಗಿ ಜಾಡಿಸುತ್ತಾನೆ. ಪ್ರಕಾಶಕ ವಿಕ್ಟರ್ ಗೊಲ್ಲಾಂಝ್ ತನ್ನ ತಕರಾರನ್ನೆಲ್ಲ ಮುನ್ನುಡಿಯಲ್ಲಿ ಬರೆದೇ ಅಚ್ಚು ಹಾಕಿಸಿದ. ಅಲ್ಲಿ ಪುಸ್ತಕ ಮುಚ್ಚಿಡಬೇಡಿ, ಆರ್ವೆಲ್‌ನದು ಸಮಾಜವಾದದ ಒಳಗಿನವನ ಸಿಟ್ಟು.

ಕೊನೆಗೆ 'ಹೋಮೇಜ್ ಟು ಕ್ಯಾಟಲೋನಿಯಾ' (1938), ನನ್ನ ಪ್ರಕಾರ ಆತನ ಅತ್ಯುತ್ತಮ ಕೃತಿ. ಸ್ಪೇನಿನ ಅಂತರ್ಯುದ್ಧದಲ್ಲಿ, ಸರ್ಕಾರದ ವಿರುದ್ಧ ದಂಗೆಯೆದ್ದ ಸೇನಾನಾಯಕ ಫ್ರಾಂಕೊ ವಿರುದ್ಧ ಪೌಮ್ ಎಂಬ ಎಡಪಕ್ಷದ ಪಡೆಯಲ್ಲಿ ಹೋರಾಡಿದ. 1937ರ ಮೇ 20ರಂದು ಗಂಟಲಿಗೆ ಗುಂಡು ಬಿತ್ತು. ಮರುತಿಂಗಳೇ ಆ ಪಕ್ಷಕ್ಕೆ ಫ್ರಾಂಕೊ ವಿರೋಧಿ ಸರ್ಕಾರದಿಂದಲೇ ನಿಷೇಧ. ಫ್ರಾಂಕೊ ಎದುರು ನಿಂತವರಿಗೇ ಫ್ರಾಂಕೊ ಏಜೆಂಟರೆಂಬ ಪಟ್ಟ ಕಟ್ಟಿ ಜೈಲಿಗೆ ತಳ್ಳಿದರು.

ಕೊಳ್ಳುವಾಗ ಒಂದು ಗಮನಿಸಿ. ಹಳೆಯ ಮುದ್ರಣಗಳಲ್ಲಿ 14 ಅಧ್ಯಾಯಗಳಿವೆ. ಪಕ್ಷ ರಾಜಕೀಯದ 5 ಮತ್ತು 11ನೇ ಅಧ್ಯಾಯಗಳು, ಆರ್ವೆಲ್ ಬಯಸಿದ್ದಂತೆ, ಈಚಿನ ಆವೃತ್ತಿಗಳಲ್ಲಿ ಅನುಬಂಧಕ್ಕೆ ಹೋಗಿವೆ. ಪಕ್ಷಗಳ ಹೆಸರು ತಲೆ ತಿನ್ನುತ್ತಿದ್ದರೆ ಐದನೆಯದನ್ನು ದಾಟಿ ಹೋಗಿ, ಹನ್ನೊಂದನ್ನು ಮಾತ್ರ ಬಿಡಬೇಡಿ. 1937ರ ಮೇನಲ್ಲಿ ಫ್ರಾಂಕೊ ವಿರೋಧಿಗಳ ನಡುವೆಯೇ ನಡೆದ ಬಾರ್ಸೆಲೋನಾದ ಬೀದಿ ಕಾಳಗದ ಬಗ್ಗೆ ಪತ್ರಿಕೆಗಳು ಬರೆದ ಸುಳ್ಳುಗಳನ್ನು ಅಲ್ಲಿ ಒಂದೊಂದಾಗಿ ಬಿಡಿಸಿಟ್ಟಿದ್ದಾನೆ. '1984'ರಲ್ಲಿ ಕಥಾನಾಯಕ ವಿನ್‌ಸ್ಟನ್ ಕೂತು ಹಳೆಯ ಪತ್ರಿಕೆಗಳನ್ನು ತಿದ್ದುತ್ತಾನಲ್ಲ, ಅದರ ಬೇರು ಅಲ್ಲಿ ಸಿಗುತ್ತದೆ.