ಡ್ರಾವೆ ಸಿಂಡ್ರೋಮ್: ದೇಣಿಗೆ, ಫಿಟ್ಸ್ ಡೈರಿ, ಔಷಧ ಪ್ರಯೋಗ – ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಮಗಳಿಗೆ ಡ್ರಾವೆ ಸಿಂಡ್ರೋಮ್, ಅಂದರೆ ಹಸುಗೂಸಾಗಿದ್ದಾಗಲೇ ಶುರುವಾಗುವ ತೀವ್ರ ಫಿಟ್ಸ್ ಕಾಯಿಲೆ ಇದೆ. ಇದೇ ಕಾಯಿಲೆಯ ಮಕ್ಕಳಿರುವ ಹನ್ನೊಂದು ಮನೆಯವರು ಸೇರಿ ಸಂಶೋಧನೆಗೆ ಹಣ ಕೂಡಿಸಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡುವುದು?

ಉತ್ತರ: ಮೊದಲು ಹನ್ನೊಂದು ಮಕ್ಕಳ ದಾಖಲೆ ಕೂಡಿಸಿಕೊಳ್ಳಿ. ಇಷ್ಟು ಅಪರೂಪದ ಕಾಯಿಲೆಯಲ್ಲಿ ಸಂಶೋಧಕರು ಹಣದಷ್ಟೇ ಹುಡುಕಾಡುವುದು ಅಚ್ಚುಕಟ್ಟಾದ ಮಾಹಿತಿಗೆ. 1978ರಲ್ಲಿ ಫ್ರೆಂಚ್ ವೈದ್ಯೆ ಶಾರ್ಲೊಟ್ ಡ್ರಾವೆ ವಿವರಿಸಿದ ಈ ಕಾಯಿಲೆಯಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಕ್ಕಳಿಗೆ ಎಸ್‌ಸಿಎನ್1ಎ ಜೀನ್‌ನಲ್ಲಿ, ಅಂದರೆ ನರಕೋಶದೊಳಕ್ಕೆ ಸೋಡಿಯಂ ಬಿಡುವ ದಾರಿಯನ್ನು (ಸೋಡಿಯಂ ಚಾನೆಲ್) ರೂಪಿಸುವ ಜೀನ್‌ನಲ್ಲಿ ದೋಷವಿರುತ್ತದೆ. ಡಿಸ್ಚಾರ್ಜ್ ಪತ್ರದಲ್ಲಿ ‘ಎಸ್‌ಸಿಎನ್1ಎ ಪಾಸಿಟಿವ್’ ಎಂದಷ್ಟೇ ಇದ್ದರೆ ಸಾಲದು. ಬದಲಾವಣೆ ಯಾವ ಜಾಗದಲ್ಲಾಗಿದೆ, ಅದು ರೋಗಕಾರಕವೋ ಅಥವಾ ಮಹತ್ವ ಖಚಿತವಾಗದ್ದೋ, ಪರೀಕ್ಷೆ ಯಾವ ವರ್ಷದ್ದು – ಇಷ್ಟೂ ಇರುವ ಪೂರ್ತಿ ವರದಿಯ ಪ್ರತಿ ಪಡೆಯಿರಿ. ‘ಖಚಿತವಿಲ್ಲ’ ಎಂದಿರುವ ಹಳೆಯ ವರದಿಯನ್ನು ಮತ್ತೆ ವಿಶ್ಲೇಷಿಸಲು ಕೇಳಿ. ಅಪ್ಪ ಅಮ್ಮನ ರಕ್ತವನ್ನೂ ಪರೀಕ್ಷಿಸಿದರೆ ಎಷ್ಟೋ ಸಲ ಗೊಂದಲ ಬಗೆಹರಿಯುತ್ತದೆ. ಈ ವರದಿ ಚಿಕಿತ್ಸೆಗೂ ಮುಖ್ಯ. ಕಾರ್ಬಮಜೆಪಿನ್, ಫೆನಿಟಾಯಿನ್, ಲಮೊಟ್ರಿಜಿನ್‌ನಂಥ ಸೋಡಿಯಂ ಚಾನೆಲ್ ತಡೆಯುವ ಮಾತ್ರೆಗಳು ಈ ಮಕ್ಕಳಲ್ಲಿ ಫಿಟ್ಸ್ ಹೆಚ್ಚಿಸಬಹುದು. ಮಗು ಅವುಗಳನ್ನು ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ನರರೋಗ ತಜ್ಞರನ್ನು ಕೇಳಿ.

ಇನ್ನು ಹಣ. ಯಾರ ಸ್ವಂತ ಖಾತೆಗೂ ಒಂದು ಕಾಸೂ ಬೀಳಬಾರದು. ಇಬ್ಬರ ಸಹಿ ಬೇಕಾಗುವ ಪ್ರತ್ಯೇಕ ಖಾತೆ ತೆರೆಯಿರಿ. ಒಂದು ಮಗುವಿನ ಆಸ್ಪತ್ರೆ ಖರ್ಚಿಗೆ ಎತ್ತುವ ಹಣವನ್ನೂ ಸಂಶೋಧನೆಯ ಹಣವನ್ನೂ ಬೆರೆಸಬೇಡಿ. ಗುಂಪುಗಳು ಒಡೆಯುವುದು ಇಲ್ಲೇ. ‘ಸಂಶೋಧನೆಗಾಗಿ’ ಎಂದಷ್ಟೇ ಹೇಳಿ ಕೈಯೊಡ್ಡಿದರೆ ಆರು ತಿಂಗಳಲ್ಲಿ ದಾನಿಗಳಿಗೆ ತೋರಿಸಲು ಏನೂ ಇರುವುದಿಲ್ಲ. ‘ರೋಗಿಗಳ ನೋಂದಣಿ ನಿರ್ವಹಿಸುವ ಒಬ್ಬರ ಒಂದು ವರ್ಷದ ಸಂಬಳ’ ಎಂಬಂಥ ಸಣ್ಣ, ಅಳೆಯಬಹುದಾದ ಗುರಿ ಇಟ್ಟುಕೊಳ್ಳಿ. ನಿಮ್ಮ ಹಣ ಪಡೆಯುವ ಸಂಸ್ಥೆಯೊಡನೆ ಲಿಖಿತ ಒಪ್ಪಂದ ಇರಲಿ: ಆಡಳಿತ ವೆಚ್ಚಕ್ಕೆ ಎಷ್ಟು ಪಾಲು ಹಿಡಿಯುತ್ತಾರೆ, ಉಳಿದ ಹಣ ಏನಾಗುತ್ತದೆ, ಮಾಹಿತಿಯನ್ನು ಬೇರೆ ಸಂಶೋಧಕರಿಗೂ ಕೊಡುತ್ತಾರೆಯೇ. ಹಣ ಕಂತಿನಲ್ಲಿ ಹೋಗಲಿ, ಮೊದಲ ವರದಿ ಬಂದ ಮೇಲೆ ಎರಡನೆಯದು. ಫಿಟ್ಸ್ ಬಂದಿರುವ ಮಗುವಿನ ವಿಡಿಯೊ ತೋರಿಸಿ ದಯವಿಟ್ಟು ಹಣ ಕೇಳಬೇಡಿ. ಅದು ವೈದ್ಯರಿಗೆ ತೋರಿಸಬೇಕಾದದ್ದು.

ಪ್ರಶ್ನೆ: ಔಷಧ ಪ್ರಯೋಗವೊಂದಕ್ಕೆ ಮಗನನ್ನು ಸೇರಿಸಲು ಹೋದಾಗ ನಮ್ಮ ಫಿಟ್ಸ್ ಡೈರಿ ಪೂರ್ಣವಾಗಿಲ್ಲ ಎಂದರು. ಫಿಟ್ಸ್ ಬಂದಾಗಲೆಲ್ಲ ಬರೆದಿದ್ದೆವಲ್ಲ?

ಉತ್ತರ: ಬಾರದ ದಿನ ಬರೆದಿರಲಿಕ್ಕಿಲ್ಲ. ಜಾಗ ಖಾಲಿ ಇದ್ದರೆ ಅಂದು ಫಿಟ್ಸ್ ಬರಲಿಲ್ಲವೋ, ನೀವು ಬರೆಯಲು ಮರೆತಿರೋ ಓದುವವರಿಗೆ ಹೇಗೆ ಗೊತ್ತಾಗಬೇಕು? ಆ ದಿನಕ್ಕೆ ‘0’ ಹಾಕಲೇಬೇಕು. ಬಂದ ದಿನದ ಬರಹ ಹೀಗಿರಲಿ: ‘ರಾತ್ರಿ 2.10. ಮೈಯೆಲ್ಲ ಸೆಟೆದು ಅದುರಿತು. 3 ನಿಮಿಷ. ಜ್ವರ 38.4 ಸೆಲ್ಸಿಯಸ್. ಸಂಜೆಯ ಡೋಸ್ ವಾಂತಿಯಾಗಿತ್ತು. ತುರ್ತು ಮದ್ದು ಕೊಟ್ಟಿಲ್ಲ.’ ಯಾವ ಬಗೆಯ ಫಿಟ್ಸ್‌ಗೆ ಏನು ಹೆಸರು ಎಂಬುದನ್ನು ವಿಡಿಯೊ ತೋರಿಸಿ ವೈದ್ಯರೊಡನೆ ಮೊದಲೇ ನಿಶ್ಚಯಿಸಿಕೊಳ್ಳಿ. ಅಮ್ಮ ಒಂದು ಹೆಸರು, ಅಜ್ಜಿ ಇನ್ನೊಂದು ಹೆಸರು ಬರೆದರೆ ಲೆಕ್ಕ ಕೆಡುತ್ತದೆ.

ಇಷ್ಟು ಬಿಗಿ ಏಕೆಂದರೆ, ಪ್ರಯೋಗದ ಫಲಿತಾಂಶ ನಿಂತಿರುವುದೇ ಈ ಎಣಿಕೆಯ ಮೇಲೆ. ಗಾಂಜಾ ಗಿಡದಿಂದ ತೆಗೆಯುವ ಕ್ಯಾನಬಿಡಿಯಾಲ್ ಎಂಬ ಮದ್ದಿನ ಬಗ್ಗೆ 2017ರಲ್ಲಿ ಪ್ರಕಟವಾದ ಡ್ರಾವೆ ಪ್ರಯೋಗದಲ್ಲಿ ಇದ್ದದ್ದು 120 ಮಂದಿ. ಮೊದಲ 4 ವಾರ ಬರೀ ಎಣಿಕೆ, ಆಮೇಲೆ 14 ವಾರ ಮದ್ದು. ಮದ್ದು ಪಡೆದವರಲ್ಲಿ ತಿಂಗಳ ಸೆಳೆತದ ಫಿಟ್ಸ್‌ನ ಮಧ್ಯಾಂಕ (ಎಲ್ಲರ ಎಣಿಕೆಯನ್ನು ಸಾಲಾಗಿ ಇಟ್ಟಾಗ ನಟ್ಟನಡುವೆ ಬರುವ ಸಂಖ್ಯೆ) 12.4ರಿಂದ 5.9ಕ್ಕೆ ಇಳಿಯಿತು, ಪ್ಲಸೀಬೊ, ಅಂದರೆ ಹುಸಿಮದ್ದು ಪಡೆದವರಲ್ಲಿ 14.9 ಇದ್ದದ್ದು 14.1 ಆಯಿತು. ಇಷ್ಟು ಸಣ್ಣ ಗುಂಪಿನಲ್ಲಿ ನಾಲ್ಕಾರು ಡೈರಿ ಹದಗೆಟ್ಟರೂ ನಷ್ಟವೇ. ಎಣಿಕೆಯ ವಾರಗಳಲ್ಲಿ ಉಳಿದ ಮಾತ್ರೆಗಳನ್ನು ಬದಲಿಸಬಾರದು. ಮಗುವಿಗೆ ಬದಲಿಸುವ ಅಗತ್ಯವೇ ಬಿದ್ದರೆ ವೈದ್ಯರು ಬದಲಿಸಲಿ, ಪ್ರಯೋಗ ಕೈತಪ್ಪಿದರೂ ಚಿಂತೆಯಿಲ್ಲ. ಸೇವಿಸುವ ಎಲ್ಲ ಮದ್ದನ್ನೂ ತಿಳಿಸಿ: ಫಿಟ್ಸ್ ತಡೆಯಲು ಕೊಡುವ ಕ್ಲೋಬಜಾಮ್ ಜೊತೆ ಕ್ಯಾನಬಿಡಿಯಾಲ್ ಸೇರಿದರೆ ಕ್ಲೋಬಜಾಮ್‌ನ ಪರಿಣಾಮ ಏರಿ ಮಗು ವಿಪರೀತ ಮಂಕಾಗಬಹುದು.

ಪ್ರಶ್ನೆ: ಜೀನ್ ಚಿಕಿತ್ಸೆಯ ಪ್ರಯೋಗಕ್ಕೆ ಒಪ್ಪಿಗೆ ಪತ್ರ ಬಂದಿದೆ. ಸಹಿಗೆ ಮೊದಲು ಏನು ಕೇಳಬೇಕು?

ಉತ್ತರ: ಪತ್ರ ಮನೆಗೆ ತಂದು ನಿಧಾನವಾಗಿ ಓದಿ. ಹುಸಿ ಚಿಕಿತ್ಸೆ ಸಿಗುವ ಸಾಧ್ಯತೆ ಎಷ್ಟು? ಬೆನ್ನುಹುರಿಯ ದ್ರವಕ್ಕೆ ಸೂಜಿ ಎಷ್ಟು ಸಲ? ಪ್ರಯಾಣದ ಖರ್ಚು ಯಾರದು? ಮದ್ದು ಫಲಿಸಿದರೆ ಪ್ರಯೋಗ ಮುಗಿದ ಮೇಲೂ ಸಿಗುತ್ತದೆಯೇ? ನಡುವೆ ಹೊರಬರುವ ಹಕ್ಕು ನಿಮಗೆ ಯಾವಾಗಲೂ ಇದೆ. ವೈರಸ್ ಮೂಲಕ ಕೊಡುವ ಚಿಕಿತ್ಸೆಯಾದರೆ ಇನ್ನೊಂದು ಪ್ರಶ್ನೆ ಮರೆಯಬೇಡಿ: ಒಮ್ಮೆ ಪಡೆದ ಮೇಲೆ ದೇಹದಲ್ಲಿ ಆ ವೈರಸ್ ವಿರುದ್ಧ ಪ್ರತಿಕಾಯಗಳು ಬೆಳೆಯುವುದರಿಂದ, ಮುಂದೆ ಬರುವ ಅಂಥದೇ ಚಿಕಿತ್ಸೆಗೆ ಮಗು ಅನರ್ಹವಾಗಬಹುದು. ಪ್ರಯೋಗದ ಮದ್ದಿಗೆ ನಿಮ್ಮಿಂದಲೇ ಹಣ ಕೇಳಿದರೆ ಸಹಿ ಮಾಡದೆ, ಅದಕ್ಕೆ ಇಂಥ ಪ್ರಯೋಗಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ ಇದೆಯೇ ಎಂದು ಮೊದಲು ವಿಚಾರಿಸಿ.